ಸೂಗಮ್ಮನ ಕೋಣೆಯ ಕಿಡಕಿ

ಈಗ ಟೆಂಪೋ ಇಳಿದು ಕತ್ತಲಲ್ಲಿ ನಡೆದು ಬಂದೆವಲ್ಲ... ಬೇವಿನ ಮರ ದಾಟಿದ ಮೇಲೆ ಎಡಕ್ಕೆ ಒಂದು ಮಣ್ಣಿನ ದಿಬ್ಬ ಕಂಡಿತಲ್ಲ... ಅದು ದಿಬ್ಬ ಅಲ್ಲ. ಬಾವಿ. ಮುಚ್ಚಿ ಹದಿನೈದು ವರ್ಷ ಆಯ್ತು. ಅಲ್ಲಿಗೆ ಬಂದಾಗ ನಾನು ಮಾತು ನಿಲ್ಲಿಸಿದೆ ಅಂತ ನೀವೆಲ್ಲ ಕಿಸಕ್ಕನೆ ನಕ್ಕಿರಿ. ಮಾಯಾ ಟೀಚರಿಗೂ ಅಂಜಿಕೆ ಅಂತ. ನಗ್ರಿ. ಕರೆಂಟ್ ಬರೋ ತನಕ ಹೇಳ್ತೀನಿ, ಆಮೇಲೆ ಬೇಕಾದರೆ ಇನ್ನೊಮ್ಮೆ ನಗ್ರಿ.

ಮೊದಲೇ ಹೇಳಿಬಿಡ್ತೀನಿ, ನಾನು ದೆವ್ವ ನಂಬೋಳಲ್ಲ. ನಾವು ಬೌದ್ಧರು. ನಮ್ಮ ಮನೆಯಲ್ಲಿ ದೇವರಿಗೇ ಜಾಗ ಇಲ್ಲ, ದೆವ್ವಕ್ಕೆ ಎಲ್ಲಿಂದ ತಂದು ಕೊಡೋಣ? ಮೇಲಾಗಿ ಕಮಲಾಪುರದ ಶಾಲೆಯಲ್ಲಿ ಆರು ವರ್ಷದಿಂದ ವಿಜ್ಞಾನ ಕಲಿಸ್ತೀನಿ. ಇದು ನನ್ನ ದೊಡ್ಡಪ್ಪನ ಮಗ ಸುಧಾಕರಣ್ಣನಿಗೆ ಆದದ್ದು. ಅವನ ಬಾಯಿಂದಲೇ ಕೇಳಿದ್ದು. ಕಡೆಯದೊಂದು ಮಾತ್ರ ನಾನೇ ಕಂಡದ್ದು.

ಸುಧಾಕರಣ್ಣ ಕಲಬುರಗಿಯಲ್ಲಿ ಗೌಂಡಿ. ಸೋರುವ ಮನೆ ಇದ್ದರೆ ಅವನನ್ನೇ ಕರೀರಿ ಅಂತಾರೆ ಜನ. ಉಳಿದವರು ಬಂದ ಕೂಡಲೇ ಸಿಮೆಂಟ್ ಕಲಸ್ತಾರೆ. ಇವನು ಅರ್ಧ ದಿನ ಸುಮ್ಮನೆ ಕೂತು ಗೋಡೆ ನೋಡ್ತಾನೆ. ನೀರು ಕಾಣೋದು ಒಂದು ಕಡೆ, ಹುಟ್ಟೋದು ಇನ್ನೊಂದು ಕಡೆ ಅನ್ನೋದು ಅವನ ಲೆಕ್ಕ. ಆಮೇಲೆ ಪೈಪು ಹಿಡಿದು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಜಾಗ ತೋಯಿಸ್ತಾನೆ. ಮೊದಲು ಕಿಡಕಿಯ ಕೆಳಗಿನ ಕಲ್ಲು, ಆಮೇಲೆ ಎಡ ಬಲ, ಆಮೇಲೆ ಕಿಡಕಿಯ ನೆತ್ತಿ ಮೇಲೆ ಚಾಚಿದ ಸಜ್ಜಾ. ಮೇಲಿನಿಂದ ಶುರು ಮಾಡಿದರೆ ಎಲ್ಲಾ ಒಟ್ಟಿಗೆ ತೋಯ್ದು, ಯಾವುದು ಕಳ್ಳ ಅಂತ ತಿಳಿಯೋದಿಲ್ಲವಂತೆ. ಕಡೆಗೆ ಸೋರಿದ ನೀರನ್ನು ಬೆರಳಿಗೆ ಹಚ್ಚಿಕೊಂಡು ನಾಲಿಗೆ ಮೇಲೆ ಇಟ್ಟು ನೋಡ್ತಾನೆ. ಬೋರಿನದಾದರೆ ಸವಳು, ನಳದ್ದಾದರೆ ಔಷಧದ ವಾಸನೆ. ನಾವು ಛೀ ಅಂತೀವಿ, ಅವನು ನಗ್ತಾನೆ.

ಎರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳು. ಅಣವೀರಪ್ಪ ಸಾವಕಾರರು ಫೋನ್ ಮಾಡಿದರು. ನಮ್ಮ ಈ ಮಹಾಗಾಂವದವರೇ. ನೆಹರು ಗಂಜ್‌ನಲ್ಲಿ ತೊಗರಿ ವ್ಯಾಪಾರ. ಊರಿನ ಹಳೇ ಮನೆ ಕೆಡವಿ ಕಲಬುರಗಿಯ ಕೋಟನೂರ ಕಡೆ ಹೊಸದು ಕಟ್ಟಿದ್ದರು. ಈ ಮುಚ್ಚಿದ ಬಾವಿ ಆ ಹಳೇ ಮನೆಯ ಮುಂದಿನದು. ಅದರ ಹಗ್ಗ ನಾವು ಮುಟ್ಟುವ ಹಾಗಿರಲಿಲ್ಲ. ಊರವರೆಲ್ಲ ತುಂಬಿಕೊಂಡು ಹೋದ ಮೇಲೆ, ಹನ್ನೆರಡು ಹೊಡೆದ ಮೇಲೆ, ನಮ್ಮ ಕೇರಿಯ ಹೆಂಗಸರು ಬಂದು ಕೆಳಗೆ ನಿಲ್ಲಬೇಕು. ಆ ಮನೆಯ ಸೊಸೆ ಹೊರಗೆ ಬಂದು ಮೇಲಿನಿಂದ ನೀರು ಹಾಕಬೇಕು. ಹಾಕಿದರೆ ಉಂಟು.

"ಸುಧಾಕರ, ಮೂರು ಮಂದಿ ಗೌಂಡಿ ಬಂದು ಹೋದರೋ ತಮ್ಮಾ. ಕಿಡಕಿ ಸೋರೋದು ನಿಂದರವಲ್ದು. ನಮ್ಮವ್ವ ಸಾಯಾಕತ್ತಾಳ," ಅಂದರಂತೆ.

ಸುಧಾಕರಣ್ಣನಿಗೆ ಮೊದಲು ವಿಚಿತ್ರ ಅನಿಸಿದ್ದು ಇಷ್ಟೇ... ಮಳೆ ಬಿದ್ದು ಐದು ತಿಂಗಳಾಗಿತ್ತು.

ಹೋದ. ಚಹಾ ಬಂತು. ಸಾವಕಾರರಿಗೆ ಸ್ಟೀಲಿನ ಕಪ್ಪು, ಇವನಿಗೆ ಕಾಗದದ ಕಪ್ಪು. ಈ ಕಾಗದದ ಕಪ್ಪು ಯಾರು ಕಂಡುಹಿಡಿದರೋ, ಭಾಳ ಮಂದಿಗೆ ಅನುಕೂಲ ಮಾಡಿಕೊಟ್ಟ ಪುಣ್ಯಾತ್ಮ. ಸುಧಾಕರಣ್ಣ ಇಂಥದ್ದಕ್ಕೆ ತಲೆ ಕೆಡಿಸಿಕೊಳ್ಳೋನಲ್ಲ. ನಾನಾಗಿದ್ದರೆ ಚಹಾ ಅಲ್ಲೇ ಬಿಟ್ಟು ಬರ್ತಿದ್ದೆ.

ಹಿಂದಿನ ಕೋಣೆಯಲ್ಲಿ ಸಾವಕಾರರ ತಾಯಿ ಸೂಗಮ್ಮ. ಎಪ್ಪತ್ತು ದಾಟಿದ ವಯಸ್ಸು. ಎದ್ದು ಕೂರಲಿಕ್ಕೂ ಆಗದು. ಕಿಡಕಿಯ ಕೆಳಗೇ ಪಲ್ಲಂಗ. ಉಸಿರು ಎಳೆದಾಗ ಎದೆಯಲ್ಲಿ ಗೊರ್... ಗೊರ್... ಅಂತ ಸಪ್ಪಳ. ಗೋಡೆಯ ಹಸಿ ನಿಲ್ಲದಿದ್ದರೆ ತಿಂಗಳು ಉಳಿಯೋದು ಕಷ್ಟ ಅಂತ ಡಾಕ್ಟರ್ ಹೇಳಿದ್ದರು.

"ಬ್ಯಾರೆ ಕೋಣ್ಯಾಗ ಹಾಕ್ರಲ್ಲ ಅಕ್ಕಾರ," ಅಂದ ಸುಧಾಕರಣ್ಣ, ಸೊಸೆ ಸುನಂದಾಗೆ.

ಸುನಂದಾ ದನಿ ಇಳಿಸಿದಳು. "ನಾಕು ಸರ್ತಿ ಎತ್ತಿ ಒಯ್ದೀವಿ. ಬಾಗಲಾ ದಾಟೂದೇ ತಡ, ಉಸಿರ ಹಿಡದು ಕಣ್ಣು ಮ್ಯಾಲ ಮಾಡ್ತಾರ. ತಂದು ಇಲ್ಲೇ ಹಾಕಿದ್ರ ಸುಮ್ಮನಾಗ್ತಾರ."

ಅಂದರೆ ಮುದುಕಿಯನ್ನು ಅಲ್ಲಿಂದ ಕದಲಿಸುವಂತಿಲ್ಲ. ಕಿಡಕಿಯ ನೀರು ನಿಲ್ಲಬೇಕು, ಇಲ್ಲವೇ ಅವಳು ಹೋಗಬೇಕು. ಉಳಿದದ್ದು ಇಷ್ಟೇ.

ಸುಧಾಕರಣ್ಣ ಕಿಡಕಿ ನೋಡಿದ. ಮನೆಯೆಲ್ಲ ಅಲ್ಯೂಮಿನಿಯಂ ಕಿಡಕಿ, ಈ ಕೋಣೆಯದೊಂದೇ ಹಳೇ ಸಾಗವಾನಿ ಚೌಕಟ್ಟು, ಎರಡು ಬಾಗಿಲು, ಕಬ್ಬಿಣದ ಚಿಲಕ. ಊರ ಮನೆ ಕೆಡವಿದಾಗ ತಂದು ಕೂಡಿಸಿದ್ದಂತೆ. ತಾಯಿಗೆ ಊರ ನೆನಪು ಇರಲಿ ಅಂತ. ನಮ್ಮ ಕಡೆ ಹಾಗೇ ಅಲ್ಲವೇ, ಮನೆ ಬಿದ್ದರೂ ಸಾಗವಾನಿ ಬಿಡೋದಿಲ್ಲ. ಹಳೇ ಕಟ್ಟಿಗೆ, ಹೊಸ ಗೋಡೆ, ನಡುವೆ ಸಂದು ಬಿಟ್ಟಿದೆ, ಅಲ್ಲಿಂದ ನೀರು ಅಂತ ಅವನು ಮೊದಲು ಲೆಕ್ಕ ಹಾಕಿದ.

ಆದರೆ ನೀರು ಎಲ್ಲಿಂದ?

ಮೇಲಿನ ಟಾಕಿಗೆ ಬಟ್ಟೆಗೆ ಹಾಕುವ ನೀಲಿ ಸುರಿದ. ಬಚ್ಚಲಿನ ನೀರಿಗೆ ಕುಂಕುಮ. ಬಣ್ಣ ಬಂದರೆ ಮೂಲ ಗೊತ್ತಾಗ್ತದೆ. ಆಮೇಲೆ ಪೈಪು ಹಿಡಿದು ಕೆಳಗಿನಿಂದ ಮೇಲಕ್ಕೆ ಹೊರಗಿನ ಗೋಡೆ ತೋಯಿಸಿದ. ಒಂದೊಂದು ಜಾಗಕ್ಕೆ ಹದಿನೈದು ನಿಮಿಷ. ಒಳಗೆ ಒಂದು ಹನಿ ಬರಲಿಲ್ಲ. ನಳ ಬಂದ್ ಮಾಡಿ, ಗೋಡೆ ಒರೆಸಿ, ಕೂತ.

ಹೊರಗೆ ರಣ ಬಿಸಿಲು. ನಾಯಿ ಸಹ ಬೊಗಳುತ್ತಿರಲಿಲ್ಲ. ಹನ್ನೆರಡು ಹೊಡೆಯಿತು.

ಟಪ್...

ಚೌಕಟ್ಟಿನ ಮೇಲಿನ ಎಡ ಮೂಲೆ.

ಟಪ್... ಟಪ್... ಆಮೇಲೆ ಸರ್ರ್ ಅಂತ ಸಣ್ಣ ಧಾರೆ ಗೋಡೆಗುಂಟ ಇಳಿಯಿತು. ನೀಲಿ ಇಲ್ಲ. ಕೆಂಪಿಲ್ಲ. ತಿಳಿ ನೀರು. ಹನ್ನೆರಡೂವರೆಗೆ ತಾನೇ ನಿಂತಿತು. ಅಷ್ಟೂ ಹೊತ್ತು ಸೂಗಮ್ಮ ಕಣ್ಣು ಮಿಟುಕಿಸದೆ ಅದನ್ನೇ ನೋಡುತ್ತಿದ್ದಳು.

ಮರುದಿನ ಟಾಕಿ ಪೂರ್ತಿ ಖಾಲಿ ಮಾಡಿಸಿದ. ಮೂಲೆಯ ಪ್ಲಾಸ್ಟರ್ ಒಡೆದ. ಒಳಗಿನ ಇಟ್ಟಿಗೆ ಒಣಗಿ ಪುಡಿ ಪುಡಿ. ಉಳಿಯಿಂದ ಕೆದರಿದರೆ ಧೂಳು ಹಾರಿತು. ಹನ್ನೆರಡಕ್ಕೆ ಅದೇ ಒಣ ಇಟ್ಟಿಗೆಯ ಮೇಲಿಂದ ನೀರು. ಬೆರಳಿಗೆ ಹಚ್ಚಿ ನಾಲಿಗೆಯ ಮೇಲೆ ಇಟ್ಟ.

ಸವಳಲ್ಲ. ನಳದ್ದಲ್ಲ. ಸಿಹಿ ನೀರು... ತಣ್ಣಗೆ.

ಆ ರುಚಿ ಅವನಿಗೆ ಗೊತ್ತಿತ್ತು. ಸಣ್ಣವನಿದ್ದಾಗ ಕುಡಿದದ್ದು. ಈ ಬಾವಿಯ ನೀರು.

ಅಲ್ಲೇ ಕುಕ್ಕರಿಸಿದ. ಆಗ ಪಲ್ಲಂಗದಿಂದ ಪಿಸುದನಿ.

"ಯಾರ ಮಗಾ ನೀ?"

"ಮಾಣಿಕಪ್ಪನ ಮಗ್ರಿ ಅವ್ವಾರ."

"ಹಣಮಮ್ಮನ ಮೊಮ್ಮಗ...?"

"ಹೌದ್ರಿ."

ಸೂಗಮ್ಮ ಮುಖ ಆ ಕಡೆ ತಿರುಗಿಸಿಕೊಂಡಳು.

ಹಣಮಮ್ಮ ಅಂದರೆ ನಮ್ಮಜ್ಜಿ. ಸುಧಾಕರಣ್ಣನಿಗೂ ನನಗೂ. ತೀರಿಕೊಂಡು ಮೂವತ್ತು ವರ್ಷದ ಹತ್ತಿರ ಆಯ್ತು.

ನೋಡ್ರಿ, ಅಲ್ಲಿಗೇ ಎದ್ದು ಬರಬೇಕಿತ್ತು ಅವನು. ಬರಲಿಲ್ಲ. ಬಾವಿಯ ರುಚಿ ತನ್ನ ಭ್ರಮೆ ಅಂದುಕೊಂಡ. ಹುಡುಕಿ ಸಿಗದ ಸೋರಿಕೆ ಅಂತ ಒಂದನ್ನು ಅವನು ತನ್ನ ಜೀವಮಾನದಲ್ಲಿ ಒಪ್ಪಿದವನಲ್ಲ. ಸಾವಕಾರರ ಹತ್ತಿರ ಹೋಗಿ, ಚೌಕಟ್ಟು ತೆಗೀಬೇಕು ಅಂದ.

"ಚೌಕಟ್ಟಷ್ಟೇ ಯಾಕ?" ಅಂದರು ಸಾವಕಾರರು. "ಕಿಡಕಿನೇ ಬ್ಯಾಡ. ಇಟ್ಟಂಗಿ ಇಟ್ಟು ಮುಚ್ಚಿ ಬಿಡು."

ಮುಚ್ಚಿದ. ಒಂದೇ ದಿನದಲ್ಲಿ. ಸಾಗವಾನಿ ಕಿತ್ತು ಹಿತ್ತಲಿಗೆ ಒಯ್ದ, ಒಂಬತ್ತಿಂಚಿನ ಗೋಡೆ ಎಬ್ಬಿಸಿದ, ಒಳಗೂ ಹೊರಗೂ ಗಟ್ಟಿ ಪ್ಲಾಸ್ಟರ್, ನೀರು ಹೀರದ ಔಷಧ ಎರಡು ಸಲ. ಕೆಲಸ ನಡೆದಷ್ಟು ಹೊತ್ತೂ ಸೂಗಮ್ಮ "ಬ್ಯಾಡೋ... ಬ್ಯಾಡೋ..." ಅಂತಿದ್ದಳಂತೆ. ಮುದುಕಿಗೆ ಸಿಮೆಂಟಿನ ಧೂಳು ಆಗವಲ್ದು ಅಂತ ಸುನಂದಾ ಅವಳ ಮುಖಕ್ಕೆ ಸೆರಗು ಹಿಡಿದು ಕೂತಿದ್ದಳು.

ಮರುದಿನ ಹನ್ನೆರಡಾಯಿತು. ಹನ್ನೆರಡೂವರೆ ಆಯಿತು. ಗೋಡೆ ಒಣಗಿಯೇ ಇತ್ತು. ಸಾವಕಾರರು ಪೇಢೆ ತರಿಸಿದರು. ಅವತ್ತು ಸೂಗಮ್ಮ ಅರ್ಧ ರೊಟ್ಟಿ ಹಾಲಿನಲ್ಲಿ ನೆನೆಸಿ ತಿಂದಳು ಅಂತ ಸುನಂದಾ ಫೋನ್ ಮಾಡಿ ಹೇಳಿದಳು.

ಅದರ ಮರುದಿನ ಮತ್ತೆ ಫೋನ್. ಈ ಸಲ ಅವಳ ದನಿ ಬೇರೆ ಇತ್ತು.

"ಬೇಗ ಬಾ ಅಣ್ಣಾ. ಬಂದು ನೋಡು. ನಾ ಹೇಳಂಗಿಲ್ಲ."

ಹೋಗಿ ನೋಡಿದ. ಹೊಸ ಗೋಡೆಯ ಮೇಲೆ ಹಸಿ ಮೂಡಿತ್ತು. ಎಲ್ಲೆಂದರಲ್ಲಿ ಹರಡಿದ ಹಸಿ ಅಲ್ಲ. ನೆಟ್ಟಗೆ ನಾಲ್ಕು ಗೆರೆ, ಹಳೇ ಚೌಕಟ್ಟಿನ ಅಳತೆಗೆ ಸರಿಯಾಗಿ. ನಡುವೆ ಒಂದು ಉದ್ದ ಗೆರೆ, ಎರಡು ಬಾಗಿಲು ಕೂಡುವ ಜಾಗ. ಮೇಲಿನ ಎಡ ಮೂಲೆಯಿಂದ ನೀರು... ಟಪ್... ಟಪ್...

ಸುನಂದಾ ಪಲ್ಲಂಗವನ್ನು ಗೋಡೆಯಿಂದ ಮೂರು ಹೆಜ್ಜೆ ಈಚೆ ಎಳೆದಿದ್ದಳು. ಸೂಗಮ್ಮ ಬೆರಳಿನಿಂದ ಸುಧಾಕರಣ್ಣನನ್ನು ಹತ್ತಿರ ಕರೆದಳು. ಉಸಿರು ನಡುನಡುವೆ ನಿಲ್ಲುತ್ತಿತ್ತು.

"ಆಕಿ ಹೊರಗ ನಿಂತಾಳ."

"ಯಾರ್ರಿ?"

"ನಿಮ್ಮಜ್ಜಿ."

ಆಮೇಲೆ ಹೇಳಿದಳು. ಎಪ್ಪತ್ತೆರಡರ ಬರ. ಸೂಗಮ್ಮ ಹೊಸ ಸೊಸೆ. ಬಾವಿಯಲ್ಲಿ ಮೊಣಕಾಲುದ್ದ ನೀರು. ಒಂದು ಮಧ್ಯಾಹ್ನ ಅತ್ತೆ ಅಂದಳಂತೆ, ಇವತ್ತು ಕೇರಿಯವರಿಗೆ ಹಾಕಬೇಡ. ಉಳಿದ ಹೆಂಗಸರು ನಿಂತು ನಿಂತು ಹೋದರು. ಹಣಮಮ್ಮ ಹೋಗಲಿಲ್ಲ. ಕಂಕುಳಲ್ಲಿ ಕೂಸು. ಹೆಣ್ಣು ಕೂಸು, ಇನ್ನೂ ವರ್ಷ ತುಂಬಿರಲಿಲ್ಲ, ಮೈಯೆಲ್ಲ ಸುಡುತ್ತಿತ್ತು. ಬಾವಿಯ ಹತ್ತಿರದಿಂದ ಈ ಕಿಡಕಿಯ ಕೆಳಗೆ ಬಂದು ನಿಂತಳು.

"ಅವ್ವಾರ, ಕೂಸಿನ ಬಾಯಿಗಿ ಒಂದು ಗುಟಕ ಹಾಕ್ರಿ... ಒಂದು ಗುಟಕ... ಅಂದಳು. ಎಷ್ಟ್ ಸರ್ತಿ ಅಂದಳು ಗೊತ್ತದೇನು? ನನಗ ಕೇಳಾಕತ್ತಿತ್ತು. ನನ್ನ ಪಕ್ಕದಾಗೇ ತುಂಬಿದ ಚರಿಗಿ ಇತ್ತು."

"ಹಾಕಲಿಲ್ರಿ?"

"ಕಿಡಕಿ ಮುಚ್ಚಿದೆ."

ಕೂಸು ಆ ಸಂಜೆ ಹೋಯಿತು.

"ಈ ಚೌಕಟ್ಟ ತರಬ್ಯಾಡ ಅಂತ ಮಗಗ ಅಂಗಲಾಚಿದೆ. ತಂದ. ನಾ ಅವತ್ತ ಬರೇ ಬಾಗಲಾ ಮುಚ್ಚಿದ್ದೆ ತಮ್ಮಾ... ನೀ ಆಕಿ ಮೊಮ್ಮಗ ಆಗಿ ಗ್ವಾಡಿನೇ ಕಟ್ಟಿದಿ."

ಈ ಮಾತು ಹೇಳುವಾಗ ಸುಧಾಕರಣ್ಣ ನನ್ನೆದುರು ಅತ್ತ. ಮೂವತ್ತೈದರ ಗಂಡಸು, ಅಂಗೈ ನೋಡಿಕೊಂಡು ಅತ್ತ. ನನಗೋ ಸಿಟ್ಟು ಬಂತು. ನೀರು ಹಾಕದವಳು ಪಲ್ಲಂಗದ ಮೇಲೆ, ಪಾಪ ಮಾತ್ರ ಕೂಲಿ ಮಾಡಿದವನ ತಲೆಗೆ.

ಅವತ್ತೇ ಬಸ್ಸು ಹತ್ತಿ ಮಹಾಗಾಂವಕ್ಕೆ ಬಂದ. ದೊಡ್ಡಪ್ಪ ಕಟ್ಟೆಯ ಮೇಲೆ ಕೂತಿದ್ದ. ಎಲ್ಲಾ ಹೇಳಿದ.

"ಅಪ್ಪಾ, ಮುದುಕಿ ಸಾಯಾಕತ್ತಾಳ. ಏನರೆ ಹಾದಿ ಅದೇನು?"

 ಆ ಬರದಾಗ ದೊಡ್ಡಪ್ಪನಿಗೆ ನಾಲ್ಕು ವರ್ಷ. ಅವ್ವನ ಸೆರಗು ಹಿಡಿದು ಅದೇ ಕಿಡಕಿಯ ಕೆಳಗೆ ನಿಂತಿದ್ದನಂತೆ. ಅಷ್ಟು ದಿನ ಯಾರಿಗೂ ಹೇಳಿರಲಿಲ್ಲ.

"ಹಾದಿ ಅದ," ಅಂದ. "ಆ ಕೂಸಿನ ಹೆಸರೇನು, ಕೇಳಿ ಬಾ ಆಕಿಗಿ. ಐವತ್ತು ವರ್ಷದಾಗ ಒಮ್ಮೆರೆ ಯಾರಿಗರೆ ಕೇಳಿದ್ದಳಂದ್ರ ಗೊತ್ತಿರಬೇಕು. ಹೆಸರ ಹೇಳಲಿ. ನಾನೇ ಬರ್ತೀನಿ. ನಮ್ಮವ್ವನ ಬದಲಿ ನಾನೇ ಆಕಿ ಬಾಯಿಗಿ ನೀರ ಹಾಕಿ ಸಾಕು ಅಂತೀನಿ."

ಸುಧಾಕರಣ್ಣ ಏಳುವಾಗ ಸುಮ್ಮನೆ ಕೇಳಿದ. "ಹೆಸರೇನಪ್ಪ?"

ದೊಡ್ಡಪ್ಪ ಬಾಯಿ ತೆರೆದ. ಮುಚ್ಚಿದ.

"ಕೂಸು, ಕೂಸು ಅಂತಿದ್ವಿ... ತೊಟ್ಟಿಲದಾಗ ಇಟ್ಟ ಹೆಸರ ನನಗ ನೆನಪಿಲ್ಲ. ಅವ್ವ ಆಮ್ಯಾಲ ಆ ಹೆಸರ ಒಮ್ಮೆನೂ ತಗೀಲಿಲ್ಲ."

ಕೇರಿಯ ಹಳಬರನ್ನೆಲ್ಲ ಕೇಳಿದರು. ನಮ್ಮಪ್ಪನನ್ನು ಕೇಳಿದರು, ಅವನು ಹುಟ್ಟಿದ್ದೇ ಬರ ಮುಗಿದ ಮೇಲೆ. ಯಾರಿಗೂ ಗೊತ್ತಿಲ್ಲ. ಫೋಟೋ ಇಲ್ಲ, ಕಾಗದ ಇಲ್ಲ. ಹನ್ನೊಂದು ತಿಂಗಳು ಬದುಕಿದ್ದಕ್ಕೆ ಒಂದು ಸಾಕ್ಷಿ ಇಲ್ಲ.

ಆದರೂ ಮರುದಿನ ಹೋಗಿ ಸೂಗಮ್ಮನನ್ನು ಕೇಳಿದ. ಅವಳು ತಲೆ ಅಲ್ಲಾಡಿಸಿದಳು. ಕಣ್ಣಿನ ಅಂಚಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು.

"ಕೇಳಲಿಲ್ಲ... ನಿಮ್ಮಪ್ಪಗ ಗೊತ್ತದೇನು?"

ಸುಧಾಕರಣ್ಣ ಗೋಡೆಯ ಕಡೆ ನೋಡಿದ. ಅವಳಿಗೆ ತಿಳಿಯಿತು. ಅಲ್ಲಿಗೆ ಇದ್ದ ಒಂದು ಹಾದಿಯೂ ಮುಗಿಯಿತು.

ಮೂರನೆಯ ದಿನ ಅವಳಿಗೆ ಉಸಿರು ಹತ್ತಿತು. ಡಾಕ್ಟರ್ ಬಂದು ನೋಡಿ, ಬಾಯಿಗೆ ನೀರು ಬಿಡೋರು ಬಿಡ್ರಿ ಅಂದರು. ಸುನಂದಾ ಚಮಚೆಯಿಂದ ಬಿಟ್ಟಳು. ನೀರು ತುಟಿಯ ಸಂದಿಯಿಂದ ಹೊರಗೆ ಬಂತು. ಮಗ ಬಿಟ್ಟ. ಹೊರಗೆ ಬಂತು. ಬಂಧುಗಳು ಒಬ್ಬೊಬ್ಬರಾಗಿ ಬಿಟ್ಟರು, ಒಂದು ಹನಿ ಗಂಟಲಿಗೆ ಇಳಿಯಲಿಲ್ಲ. ನಾಲಿಗೆ ಒಣಗಿ ಕಪ್ಪಾಗಿತ್ತು. ಅವಳು ಗೋಡೆಯನ್ನೇ ನೋಡುತ್ತಿದ್ದಳು.

"ಅದು... ಅದು ಕೊಡ್ರಿ..."

ಹನ್ನೆರಡಾಗಿತ್ತು. ಗೋಡೆಯಿಂದ ಧಾರೆ ಬೀಳುತ್ತಿತ್ತು.

ಸಾವಕಾರರು ಬಾಗಿಲಲ್ಲಿ ನಿಂತಿದ್ದ ಸುಧಾಕರಣ್ಣನ ಕೈ ಹಿಡಿದುಕೊಂಡರು. "ನಿನ್ನ ಕೈಲೇ ಒಂದು ಗುಟಕ ಹಾಕೋ ಯಪ್ಪಾ. ನಿನ್ನ ಕಾಲ ಬೀಳ್ತೀನಿ." ಕಾಗದದ ಕಪ್ಪು ಆಗ ಯಾರಿಗೂ ನೆನಪಾಗಲಿಲ್ಲ.

ನಾನಾಗಿದ್ದರೆ ಹಾಕುತ್ತಿರಲಿಲ್ಲ. ಅವನು ಹೋದ. ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದ. ನೀರು ತುಂಬಿತು, ಮುಂಗೈಯಿಂದ ಮೊಣಕೈಗೆ ಇಳಿಯಿತು, ತಂಪಿಗೆ ಬೆರಳು ಜೋಮು ಹಿಡಿದವು. ಮೂರು ಹೆಜ್ಜೆ ನಡೆದು ಬಗ್ಗಿ ಅವಳ ಬಾಯಿಗೆ ಬೊಗಸೆ ಹಿಡಿದ.

ಬೊಗಸೆ ಒಣಗಿತ್ತು.

ಸೋರಿದ್ದಲ್ಲ. ನೆಲದ ಮೇಲೆ ಹನಿ ಇರಲಿಲ್ಲ. ಅಂಗೈಯ ಸಿಮೆಂಟಿನ ಬಿರುಕಿನಲ್ಲಿ ಸಹ ಹಸಿ ಇರಲಿಲ್ಲ. ಮತ್ತೆ ಹೋದ. ಮತ್ತೆ ತುಂಬಿತು. ಮತ್ತೆ ಬರಿ ಕೈ. ಮೂರನೆಯ ಸಲ ಹೆಗಲ ಮೇಲಿನ ಟವೆಲ್ ತೋಯಿಸಿಕೊಂಡು ಓಡಿ ಬಂದು ಅವಳ ತುಟಿಯ ಮೇಲೆ ಹಿಂಡಿದ. ಟವೆಲ್‌ನಿಂದ ಧೂಳು ಉದುರಿತು.

ಹನ್ನೆರಡೂವರೆಗೆ ಧಾರೆ ನಿಂತಿತು. ಆ ಗೊರ್ ಸಪ್ಪಳವೂ ನಿಂತಿತು. ಸೂಗಮ್ಮನ ಬಾಯಿ ತೆರೆದೇ ಇತ್ತು, ಎಷ್ಟು ಮುಚ್ಚಿದರೂ ಮುಚ್ಚಲಿಲ್ಲ ಅಂತ ಸುನಂದಾ ಆಮೇಲೆ ಹೇಳಿದಳು.

ಇಲ್ಲಿಗೆ ಮುಗಿಯಬೇಕಿತ್ತು. ಸತ್ತವರು ಸತ್ತರು, ನೀರು ನಿಂತಿತು ಅನ್ನಬೇಕಿತ್ತು. ನಿಲ್ಲಲಿಲ್ಲ. ಮೇ ತಿಂಗಳಲ್ಲಿ ಸಾವಕಾರರಿಂದ ಮತ್ತೆ ಫೋನ್, ದಿನಾ ಹನ್ನೆರಡಕ್ಕೆ ಬರ್ತದೆ ಅಂತ. ಒಬ್ಬನೇ ಹೋಗಲಿಕ್ಕೆ ಸುಧಾಕರಣ್ಣನಿಗೆ ಧೈರ್ಯ ಇರಲಿಲ್ಲ, ನನ್ನನ್ನು ಕರೆದ. ಶಾಲೆ ರಜೆ. ಯಾವುದೋ ಒಡೆದ ಪೈಪು ತೋರಿಸಿ ಅವನ ತಲೆಯಿಂದ ಇದನ್ನು ತೆಗೀತೀನಿ ಅಂತ ಹೋದೆ.

ಅವನು ಕೋಣೆಯೊಳಗೆ ಕೂತ. ನಾನು ಹೊರಗೆ, ಮುಚ್ಚಿದ ಕಿಡಕಿಯ ಕೆಳಗೆ. ಕಂಪೌಂಡಿಗೂ ಗೋಡೆಗೂ ನಡುವೆ ನಾಲ್ಕಡಿ ಜಾಗ, ನೆಲಕ್ಕೆ ಫರಸಿ ಕಲ್ಲು. ಕಲ್ಲು ಕಾದು ಚಪ್ಪಲಿ ಅಂಟುತ್ತಿತ್ತು. ಪೈಪು ಇಲ್ಲ, ನಳ ಇಲ್ಲ, ಏನೂ ಇಲ್ಲ. ಫೋನಿನಲ್ಲಿ ಹನ್ನೆರಡು ಆಯಿತು.

ಠಣ್...

ನನ್ನ ಕಾಲಿನಿಂದ ಒಂದು ಮೊಳ ದೂರ. ತುಂಬಿದ ಕೊಡವನ್ನು ಕಲ್ಲಿನ ಮೇಲೆ ಇಳಿಸಿದಾಗ ಬರುವ ಸಪ್ಪಳ. ಅದು ಬೇರೆ ಯಾವ ಸಪ್ಪಳವೂ ಅಲ್ಲ, ಹುಟ್ಟಿದಾಗಿನಿಂದ ಕೇಳಿದ್ದೀನಿ. ಯಾರೂ ಇರಲಿಲ್ಲ. ಕಲ್ಲಿನ ಮೇಲೆ ಮಾತ್ರ ಒಂದು ಹಸಿ ಉಂಗುರ, ಕೊಡದ ತಳದ ಅಳತೆಯದು.

ನನ್ನ ಬಾಯಿಂದ ತಾನಾಗೇ ಬಂತು. ಪಿಸುದನಿಯಲ್ಲೇ.

"ಅಜ್ಜಿ... ಆಕಿ ಸತ್ತಾಳ. ಸಾಕು. ಮನಿಗಿ ನಡಿ."

ಏನೂ ಆಗಲಿಲ್ಲ. ಒಳಗಿನಿಂದ ಸುಧಾಕರಣ್ಣ ಕೂಗಿದ, "ಮಾಯಾ, ಬರಾಕತ್ತದ."

ನಾನು ಬಾಟಲಿಯಿಂದ ಒಂದು ಮುಚ್ಚಳ ನೀರು ಆ ಉಂಗುರದ ಪಕ್ಕಕ್ಕೆ ಸುರಿದೆ. ಅದು ಎರಡು ನಿಮಿಷದಲ್ಲಿ ಆರಿತು. ಇನ್ನೊಂದು ಮುಚ್ಚಳ ಸುರಿದೆ. ಅದೂ ಆರಿತು. ಉಂಗುರದ ಮೇಲೆ ಬೆರಳಿಟ್ಟೆ, ತಣ್ಣಗಿತ್ತು. ಇದು ನಡೆದದ್ದು. ಯಾರೋ ಹೇಳಿದ್ದಲ್ಲ, ನನ್ನ ಬೆರಳು ಇಟ್ಟು ನೋಡಿದ್ದು. ಅಲ್ಲಿಂದ ಏಳುವಾಗ ಫೋನ್ ನೋಡಿದೆ. ಒಂದು ಗಂಟೆ ಹತ್ತು ನಿಮಿಷ. ಒಳಗಿನ ಧಾರೆ ಹನ್ನೆರಡೂವರೆಗೇ ನಿಂತಿತ್ತು. ಕಲ್ಲಿನ ಮೇಲಿನ ಉಂಗುರ ಇನ್ನೂ ಹಸಿ ಇತ್ತು.